ಗಾಣದ ಎತ್ತು, ಘಾಟಿ ರಸ್ತೆ

"ಏನಪ್ಪಾ, ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತೋದು! ಅದನ್ನ ನೋಡೋಕೆ ದುಡ್ಡು ಬೇರೆ ಕೊಡ್ತೀರಾ?"

ಹಾಸನದಿಂದ ಫೋನ್ ಮಾಡಿದ್ದ ಭಾವನ ಪ್ರಶ್ನೆ. ಅಮೆರಿಕದ ಇಂಡಿಯಾನಾಪೊಲಿಸ್ 500 ಕಾರ್ ರೇಸಿನ ವಿಡಿಯೋ ಕಳಿಸಿದ್ದೆ. ಮೊದಲ ಸಲ ನೋಡುವ ಮುಂಚೆ ನನಗೂ ಹಾಗೇ ಅನಿಸಿತ್ತು. ಇಂಡಿಯಾನಾಪೊಲಿಸ್ ಪಕ್ಕದಲ್ಲಿ ನಾವಿರುವ ಕಾರ್ಮೆಲ್‌ನಲ್ಲಿ ಸಿಗ್ನಲ್‌ಗಿಂತ ರೌಂಡ್‌ಅಬೌಟ್‌ಗಳೇ ಜಾಸ್ತಿ. ಎಡಕ್ಕೆ ಸುತ್ತುವುದನ್ನು ನಾನು ತರಕಾರಿ ತರಲು ಹೋಗುವಾಗಲೂ ಮಾಡುತ್ತೇನೆ, ಅದರಲ್ಲೇನಿದೆ?

ಇಂಡಿಯಾನಾಪೊಲಿಸ್‌ನ ಓವಲ್, ಅಂದರೆ ಉದ್ದುರುಟು ಟ್ರ್ಯಾಕ್ 1909ರದ್ದು. ಒಂದು ಸುತ್ತು ಎರಡೂವರೆ ಮೈಲಿ, ಅಂದರೆ ನಾಲ್ಕು ಕಿಲೋಮೀಟರ್. ತಿರುವು ನಾಲ್ಕೇ, ನಾಲ್ಕೂ ಎಡಕ್ಕೆ. ಇಂಥ 200 ಸುತ್ತು. ಗ್ಯಾಲರಿಯಲ್ಲಿ ಕೂತು ಮೊಬೈಲ್ ತೆಗೆಯುವಷ್ಟರಲ್ಲಿ ಕಾರು ಹೋಗಿರುತ್ತದೆ. ಪರವಾಗಿಲ್ಲ, ನಲವತ್ತು ಸೆಕೆಂಡಿನಲ್ಲಿ ವಾಪಸ್ ಬರುತ್ತದೆ! ಗಂಟೆಗೆ 350 ಕಿಲೋಮೀಟರ್ ವೇಗ ಅಂದರೆ ಏನು ಅಂತ ಕಿವಿಗೆ ಮೊದಲು ಗೊತ್ತಾಗುತ್ತದೆ, ಕಣ್ಣಿಗೆ ಆಮೇಲೆ. ಮೊದಲ ವರ್ಷ ಇಯರ್‌ಪ್ಲಗ್ ಮರೆತು ಹೋಗಿ, ರಾತ್ರಿಯಿಡೀ ಕಿವಿಯಲ್ಲಿ ಗುಂಯ್ ಅಂತಿತ್ತು.

ಓವಲ್ ಕಾರಿನ ಗುಟ್ಟು ತಿಳಿಯಬೇಕಾದರೆ ಅಡುಗೆಮನೆಗೆ ಹೋಗಿ, ಬಾಯಿ ಅಗಲವಾಗಿರುವ ಸ್ಟೀಲ್ ಲೋಟವೊಂದನ್ನು ನೆಲದ ಮೇಲೆ ಅಡ್ಡ ಮಲಗಿಸಿ ಉರುಳಿಸಿ. ನೇರ ಹೋಗುವುದಿಲ್ಲ, ಅಗಲ ಬಾಯಿ ಹೊರಗಾಗಿ ಸುತ್ತು ಹೊಡೆಯುತ್ತದೆ. ಹಿಂದಿನ ಎರಡು ಟೈರ್‌ಗಳಲ್ಲಿ ಬಲಗಡೆಯದ್ದನ್ನು ಒಂಚೂರು ದೊಡ್ಡದು ಇಡುವುದು ಇದಕ್ಕೇ. ಕಾರಿಗೆ ತಾನಾಗೇ ಎಡಕ್ಕೆ ವಾಲುವ ಚಾಳಿ. ಹಾಗಾಗಿ ನೇರ ದಾರಿಯಲ್ಲಿ ಡ್ರೈವರ್ ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ಹಿಡಿದೇ ಓಡಿಸಬೇಕು! ಇದು ಗೊತ್ತಾದ ಮೇಲೆ ನನಗೆ ನೇರ ದಾರಿಯೂ ನೇರವಾಗಿ ಕಾಣುತ್ತಿಲ್ಲ.

ಮುಂದಿನ ಕಾರಿನ ಹಿಂದೆ ಅಂಟಿಕೊಂಡರೆ ಗಾಳಿಯ ತಡೆ ಕಡಿಮೆ, ವೇಗ ಸಿಗುತ್ತದೆ. ಆದರೆ ತಿರುವಿನಲ್ಲಿ ಅದೇ ಕದಡಿದ ಗಾಳಿಯಿಂದ ಟೈರಿನ ಹಿಡಿತ ತಪ್ಪುತ್ತದೆ. ಸ್ವಲ್ಪ ಹೆಚ್ಚುಕಮ್ಮಿ ಆದರೆ ಗೋಡೆ. ಎತ್ತರದಲ್ಲಿ ನಿಂತ ಸ್ಪಾಟರ್, ಪಕ್ಕದಲ್ಲಿ ಯಾರಿದ್ದಾರೆ ಅಂತ ರೇಡಿಯೋದಲ್ಲಿ ಹೇಳುತ್ತಲೇ ಇರುತ್ತಾನೆ. ಮೂರು ಗಂಟೆ ಹತ್ತಿರ ಇದೇ ಕೆಲಸ. ಮಳೆ ಬಂದರೆ ಮಾತ್ರ ರೇಸೇ ಬಂದ್.

ಎಡಕ್ಕೂ ಬಲಕ್ಕೂ ತಿರುಗುವ ರಸ್ತೆಯಂಥ ಟ್ರ್ಯಾಕಿನ ಓಟ, ಅಂದರೆ ರೋಡ್ ರೇಸಿಂಗ್ ನೋಡಲು ಐದಾರು ಗಂಟೆ ಕಾರು ಓಡಿಸಿಕೊಂಡು ವಿಸ್ಕಾನ್ಸಿನ್‌ಗೆ ಹೋದೆವು, ಎಲ್ಕ್‌ಹಾರ್ಟ್ ಲೇಕ್‌ನ ರೋಡ್ ಅಮೆರಿಕಾ ಟ್ರ್ಯಾಕಿಗೆ. ಕಾಡಿನ ನಡುವೆ ಏರುತ್ತಾ ಇಳಿಯುತ್ತಾ ಸುಮಾರು ಆರೂವರೆ ಕಿಲೋಮೀಟರ್, 14 ತಿರುವು. ಥೇಟ್ ನಮ್ಮ ಶಿರಾಡಿ ಘಾಟಿ, ಲಾರಿಗಳು ಮಾತ್ರ ಇಲ್ಲ. ಹುಲ್ಲಿನ ದಿಬ್ಬದ ಮೇಲೆ ಚಾಪೆ ಹಾಸಿ, ತಂದಿದ್ದ ಪುಳಿಯೋಗರೆ ಬಿಚ್ಚಿ ಕೂತೆವು. ಕೆನಡಾ ಕಾರ್ನರ್ ಅನ್ನುವ ತಿರುವಿಗೆ ಕಾರುಗಳು ಬಿರ್ರನೆ ಬಂದು, ಗಕ್ಕನೆ ಬ್ರೇಕ್ ಹಾಕಿ, ಪಟಪಟ ಗೇರ್ ಇಳಿಸುತ್ತವೆ. ಯಾರು ತಡವಾಗಿ ಬ್ರೇಕ್ ಹಾಕುವ ಧೈರ್ಯ ಮಾಡಿದರು, ಯಾರು ಅಳುಕಿದರು, ಎಲ್ಲ ಕಣ್ಣೆದುರಿಗೇ. ಮಳೆಗೆ ಬೇರೆ ಟೈರ್ ಇದೆ, ಓಟ ನಿಲ್ಲಬೇಕಿಲ್ಲ. ಆದರೆ ಆ ಒಂದು ತಿರುವು ಬಿಟ್ಟರೆ ನಮಗೆ ಇನ್ನೇನೂ ಕಾಣುವುದಿಲ್ಲ. ಮಿಕ್ಕ ಹದಿಮೂರರ ಕಥೆ ಧ್ವನಿವರ್ಧಕದಲ್ಲಿ ಕೇಳಿಕೊಳ್ಳಬೇಕು. ಓವಲ್‌ನಲ್ಲಿ ಇದು ಉಲ್ಟಾ: ಓಟ ಕಾಣುತ್ತದೆ, ಡ್ರೈವರ್ ಪಡುವ ಪಾಡು ಕಾಣುವುದಿಲ್ಲ.

ಎರಡನ್ನೂ ಬೆರೆಸಲು ಹೋಗಿ ಎಡವಟ್ಟಾದದ್ದೂ ನಮ್ಮೂರಲ್ಲೇ. ಓವಲ್ ಒಳಗಡೆ ರಸ್ತೆ ಮಾಡಿ 2000ದಿಂದ 2007ರವರೆಗೆ ಇಲ್ಲಿ ಫಾರ್ಮುಲಾ ಒನ್ ನಡೆಸಿದರು. ಅದರಲ್ಲಿ ಓವಲ್‌ನ ಮೊದಲ ತಿರುವನ್ನು ಉಲ್ಟಾ ದಿಕ್ಕಿನಲ್ಲಿ, ವಾಲಿದ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿ ದಾಟಬೇಕಿತ್ತು. 2005ರಲ್ಲಿ ಮಿಶೆಲಿನ್ ಟೈರ್‌ಗಳು ಆ ಹೊರೆ ತಡೆಯಲಿಲ್ಲ. ರೇಸ್ ದಿನ 20 ಕಾರುಗಳು ಹೊರಟವು, ರೇಸ್ ಶುರುವಾಗುವ ಮುಂಚಿನ ಒಂದು ಸುತ್ತು ಬಂದು, ಮಿಶೆಲಿನ್ ಟೈರಿನ 14 ಕಾರು ಪಿಟ್‌ಗೆ (ಕಾರು ರಿಪೇರಿ ಮಾಡುವ ಜಾಗಕ್ಕೆ) ಹೋಗಿಬಿಟ್ಟವು. ಉಳಿದ ಆರೇ ಕಾರುಗಳ ರೇಸಿನಲ್ಲಿ ನಾಲ್ಕನೆಯವರಾಗಿ ಬಂದವರು ನಮ್ಮ ನರೇನ್ ಕಾರ್ತಿಕೇಯನ್. ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬ ಗಳಿಸಿದ ಮೊದಲ ಪಾಯಿಂಟ್‌ಗಳು ಅವು. ಆರರಲ್ಲಿ ನಾಲ್ಕು ಅಂತ ನಗುವವರಿದ್ದಾರೆ, ನಗಲಿ ಬಿಡಿ.

ರಸ್ತೆ ಬಲ್ಲವರಿಗೆ ಓವಲ್ ಸುಮ್ನೆ ಒಲಿಯುವುದಿಲ್ಲ. ಸ್ಪೇನಿನ ಡ್ರೈವರ್ ಅಲೆಕ್ಸ್ ಪಾಲೋ 2024ರ ಹೊತ್ತಿಗೆ ಇಂಡಿಕಾರ್‌ನಲ್ಲಿ (ಇಂಡಿ 500 ಸೇರಿದ ಅಮೆರಿಕದ ರೇಸ್ ಸರಣಿ) ಮೂರು ಸಲ ಚಾಂಪಿಯನ್, ಓವಲ್‌ನಲ್ಲಿ ಮಾತ್ರ ಗೆಲುವೇ ಇರಲಿಲ್ಲ. ಕೊನೆಗೆ 2025ರಲ್ಲಿ ಗೆದ್ದದ್ದು ನೇರ ಇಂಡಿ 500 ಅನ್ನೇ.

ಇದನ್ನೆಲ್ಲ ಭಾವನಿಗೆ ಫೋನಿನಲ್ಲಿ ಹೇಳಿದೆ. ಲೋಟ ಉರುಳಿಸಿ ನೋಡಿದರಂತೆ, ಅಕ್ಕ ಬೈದಳಂತೆ.

"ಸರಿ, ಬರೋ ಬೇಸಿಗೆಗೆ ಬರ್ತೀವಿ," ಅಂದರು. "ಆದ್ರೆ ಮೊದಲು ಆ ಘಾಟಿ ಇರೋ ಕಡೆಗೇ ಕರ್ಕೊಂಡು ಹೋಗು."