ಟ್ರಿಯರ್‌ನಲ್ಲಿ ಕಂಡ ಸೇಬು

ಜರ್ಮನಿಯ ಕೊಬ್ಲೆಂಜ್‌ನಲ್ಲಿ ರೈಲು ಹತ್ತಿದರೆ ಟ್ರಿಯರ್‌ಗೆ ಒಂದೂವರೆ ಗಂಟೆಯ ದಾರಿ. ಪಕ್ಕದಲ್ಲಿ ಮೊಸೆಲ್ ನದಿ, ಗುಡ್ಡದ ತುಂಬ ದ್ರಾಕ್ಷಿ ತೋಟ. ಆದರೆ 2018ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೊರಟಿದ್ದು ಚಿನ್ನ ನೋಡೋಕೆ.

1993ರಲ್ಲಿ ಈ ಊರಲ್ಲಿ ಕಟ್ಟಡ ಕೆಲಸಕ್ಕೆ ನೆಲ ಅಗೆಯುತ್ತಿದ್ದಾಗ ಯಂತ್ರದ ಹಲ್ಲಿಗೆ ಒಂದು ಕಂಚಿನ ಪಾತ್ರೆ ಸಿಕ್ಕಿತು. ಒಳಗೆ 2,500ಕ್ಕೂ ಜಾಸ್ತಿ ರೋಮನ್ ಚಿನ್ನದ ನಾಣ್ಯಗಳು. ಒಟ್ಟು ತೂಕ 18.5 ಕಿಲೋ! ಸಾ.ಶ. 196ರ ಸುಮಾರಿಗೆ, ಸಿಂಹಾಸನಕ್ಕಾಗಿ ಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ಯಾರೋ ಹೂತಿಟ್ಟ ಗಂಟು. ತೆಗೆದುಕೊಳ್ಳಲು ಅವರು ವಾಪಸ್ ಬರಲೇ ಇಲ್ಲ.

ಈಗ ಅದು ಅರಮನೆ ತೋಟದ ಪಕ್ಕದ ಮ್ಯೂಸಿಯಂನಲ್ಲಿದೆ. ಈ ನಾಣ್ಯಕ್ಕೆ ಔರಿಯಸ್ ಅಂತ ಹೆಸರು. ಸುಮಾರು ಏಳು ಗ್ರಾಂ, ನಮ್ಮ ಒಂದು ರೂಪಾಯಿಯಷ್ಟು ಅಗಲ. ಒಂದು ಕಡೆ ಚಕ್ರವರ್ತಿಯ ಮುಖ. ನನಗೆ ಬೇಕಿದ್ದದ್ದು ಇನ್ನೊಂದು ಕಡೆ, ದೇವರುಗಳಿರುವ ಕಡೆ.

ಚಕ್ರವರ್ತಿ ಮಾರ್ಕಸ್ ಔರೇಲಿಯಸ್‌ನ ಹೆಂಡತಿ ಫೌಸ್ಟಿನಾಳ ನಾಣ್ಯದ ಹಿಂದೆ ಪ್ರೇಮದ ದೇವತೆ ವೀನಸ್ ನಿಂತಿದ್ದಾಳೆ. ಕೈಯಲ್ಲಿ ಒಂದು ಸೇಬು. ಸಾಸಿವೆ ಕಾಳಿಗಿಂತ ದೊಡ್ಡದಿಲ್ಲ. ಬಗ್ಗಿ ನೋಡಿದರೆ ಬಟ್ಟೆಯ ನೆರಿಗೆಗಳೂ ಎಣಿಸೋ ಹಾಗಿವೆ. ಮೂವರು ದೇವತೆಯರಲ್ಲಿ ಯಾರು ಚೆಲುವೆ ಅಂತ ಜಗಳವಾದಾಗ ಟ್ರಾಯ್‌ನ ರಾಜಕುಮಾರ ಪ್ಯಾರಿಸ್ ಸೇಬು ಕೊಟ್ಟಿದ್ದು ಇವಳಿಗೆ. ಅದರಿಂದಲೇ ಟ್ರಾಯ್ ಯುದ್ಧ. ಸುಟ್ಟ ಟ್ರಾಯ್‌ನಿಂದ ತಪ್ಪಿಸಿಕೊಂಡ ಈನಿಯಸ್ ಇವಳದೇ ಮಗ, ರೋಮನ್ನರ ಮೂಲಪುರುಷ. ಅಷ್ಟು ದೊಡ್ಡ ಕಥೆ ಆ ಕಾಳಿನಷ್ಟು ಚಿನ್ನದಲ್ಲಿ ಕೂತಿದೆ, ಅಲ್ವಾ?

ಚಕ್ರವರ್ತಿ ನೀರೋನ ನಾಣ್ಯದಲ್ಲಿ ಸಿಡಿಲು ಹಿಡಿದು ಕೂತ ದೇವರಾಜ ಜುಪಿಟರ್. ಪಕ್ಕದ ಅಕ್ಷರಗಳ ಅರ್ಥ 'ಕಾಯುವ ಜುಪಿಟರ್'. ಸಾ.ಶ. 65ರಲ್ಲಿ ನೀರೋನನ್ನು ಕೊಲ್ಲುವ ಸಂಚು ನಡೆದು, ಬಯಲಾಗಿತ್ತು. ನನಗಂತೂ ಅದರಲ್ಲಿ ಭಕ್ತಿಗಿಂತ ಹೆದರಿಕೆಯೇ ಜಾಸ್ತಿ ಕಂಡಿತು. ನಮ್ಮ ವಿಜಯನಗರದ ಇಮ್ಮಡಿ ಹರಿಹರನ ಚಿನ್ನದ ನಾಣ್ಯದ ಮೇಲಿನ ಉಮಾಮಹೇಶ್ವರರು ನೆನಪಾದರು. ಆ ಜೋಡಿ ಎಷ್ಟು ನೆಮ್ಮದಿಯಾಗಿ ಕೂತಿದೆ!

ಮುಚ್ಚುವ ಹೊತ್ತಾಯಿತು ಅಂತ ಕಾವಲಿನವರು ಹೇಳುವವರೆಗೂ ಅಲ್ಲೇ ಇದ್ದೆ.

ಮರುವರ್ಷ ಅಕ್ಟೋಬರ್‌ನಲ್ಲಿ ಸುದ್ದಿ ಓದಿ ಎದೆ ಧಸಕ್ಕೆಂದಿತು. ರಾತ್ರಿ ಆ ಮ್ಯೂಸಿಯಂಗೆ ಕಳ್ಳರು ನುಗ್ಗಿದ್ದರು. ಸುತ್ತಿಗೆಯಿಂದ ಗಾಜಿಗೆ ಬಡಿದಿದ್ದರು. ಕಣ್ಣ ಮುಂದೆ ಬಂದದ್ದು ಸೇಬು ಹಿಡಿದ ಆ ಪುಟ್ಟ ಕೈ. ಮುಂದಿನ ಸಾಲು ಓದಿದ ಮೇಲೇ ಉಸಿರು ಬಂತು: ಗಾಜು ಬಿಟ್ಟುಕೊಡಲಿಲ್ಲ, ಅವರು ಬರಿಗೈಲಿ ಓಡಿಹೋದರು.