ಟ್ಯಾಬ್ಲೆಟ್ ಮಗುವಿನ ಕೈಗೋ, ಶಿಕ್ಷಕರ ಕೈಗೋ?

ಪ್ರಾಥಮಿಕ ಶಾಲೆಗೆ ಹೊಸ ತಂತ್ರಜ್ಞಾನ ಬೇಕೇ ಬೇಡವೇ ಎಂಬ ವಾದದಲ್ಲಿ ನನಗೆ ಈಗ ಆಸಕ್ತಿ ಉಳಿದಿಲ್ಲ, ಅದು ಬಂದಾಗಿದೆ. ಬಂದದ್ದನ್ನು ಯಾರ ಕೈಗೆ ಕೊಡಬೇಕು ಎಂಬುದನ್ನು ಮಾತ್ರ ನಾವಿನ್ನೂ ಸರಿಯಾಗಿ ಯೋಚಿಸಿಲ್ಲ. ಆರರಿಂದ ಹತ್ತು ವರ್ಷದ ಮಕ್ಕಳಿಗೆ ಪಾಠ ಹೇಳುವವಳಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅದು ಮೊದಲು ಶಿಕ್ಷಕರ ಕೈಗೆ ಬರಲಿ, ಮಗುವಿನ ಕೈಗೆ ತಡವಾಗಿ, ಅಳೆದೂ ಸುರಿದೂ ಹೋಗಲಿ.

ಈ ಬಗೆಯ ಭರವಸೆಗಳಿಗೆ ನೂರು ವರ್ಷಕ್ಕೂ ಮೀರಿದ ವಯಸ್ಸಾಗಿದೆ. ಶಾಲೆಗಳಲ್ಲಿ ಪುಸ್ತಕಗಳ ಕಾಲ ಮುಗಿಯುತ್ತ ಬಂತು, ಇನ್ನು ಚಲನಚಿತ್ರವೇ ಪಾಠ ಹೇಳುತ್ತದೆ ಎಂದು ಥಾಮಸ್ ಎಡಿಸನ್ 1913ರಲ್ಲೇ ಭವಿಷ್ಯ ನುಡಿದಿದ್ದರು. 1954ರಲ್ಲಿ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ತಮ್ಮ ಬೋಧನಾ ಯಂತ್ರವನ್ನು ತೋರಿಸಿ, ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯಬಹುದು ಎಂದರು. ಇಂದಿನ ಕಲಿಕಾ ಆ್ಯಪ್‌ಗಳ ಜಾಹೀರಾತಿನಲ್ಲೂ ಹೆಚ್ಚುಕಡಿಮೆ ಅದೇ ಮಾತಿದೆ. 2005ರಲ್ಲಿ ಘೋಷಣೆಯಾದ, ಮಗುವಿಗೊಂದು ಲ್ಯಾಪ್‌ಟಾಪ್ ಕೊಡುವ ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಯೋಜನೆಯನ್ನು ಪೆರು ದೇಶ ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡಿತು. ಅಲ್ಲಿನ ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ, ಮಕ್ಕಳ ಸಾಮಾನ್ಯ ಚಿಂತನಾ ಕೌಶಲಗಳಲ್ಲಿ ಒಂದಿಷ್ಟು ಏರಿಕೆ ಕಂಡರೂ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ವ್ಯತ್ಯಾಸವೇ ಆಗಿರಲಿಲ್ಲ. ಲ್ಯಾಪ್‌ಟಾಪ್ ಮಗುವಿಗೆ ತಲುಪಿತ್ತು, ಆದರೆ ಪಾಠ ಹೇಳುವ ಕ್ರಮ ಮೊದಲಿದ್ದಲ್ಲೇ ಇತ್ತು.

ಶಿಕ್ಷಕರ ಕೈಗೆ ಎಂದು ನಾನೇಕೆ ಹೇಳುತ್ತೇನೆ ಎಂಬುದಕ್ಕೆ ಕಳೆಯುವ ಲೆಕ್ಕವನ್ನೇ ನೋಡಿ. 52ರಲ್ಲಿ 27 ಕಳೆಯಲು ಹೇಳಿದರೆ ಒಂದು ಮಗು 35 ಎಂದು ಬರೆಯುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲಿ ಎರಡನ್ನು ಕಳೆದು ಐದು ಬರೆದಿದೆ. ಇನ್ನೊಂದು ಮಗು ಈ ಲೆಕ್ಕವನ್ನು ಸರಿಯಾಗಿಯೇ ಮಾಡುತ್ತದೆ, ಆದರೆ 304ರಲ್ಲಿ 128 ಕಳೆದಾಗ 276 ಎನ್ನುತ್ತದೆ. ಸೊನ್ನೆಯನ್ನು ಒಂಬತ್ತು ಮಾಡಿಕೊಂಡ ಮೇಲೆ ಪಕ್ಕದ ನೂರರ ಸ್ಥಾನದಿಂದ ಒಂದನ್ನು ಇಳಿಸುವುದನ್ನು ಬಿಟ್ಟಿದೆ. ಎರಡೂ ತಪ್ಪೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳು. ಮೊದಲನೆಯ ಮಗುವಿನ ಮುಂದೆ ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನಿಟ್ಟು ಒಂದನ್ನು ಬಿಚ್ಚಿಸಬೇಕು. ಎರಡನೆಯ ಮಗುವಿಗೆ ಕಟ್ಟು ಬಿಚ್ಚುವುದು ಗೊತ್ತು, ಹತ್ತರ ಮನೆ ಬರಿದಾಗಿದ್ದರೆ ಎಲ್ಲಿಂದ ತರಬೇಕೆಂಬುದಷ್ಟೇ ಗೊತ್ತಿಲ್ಲ. ನಾನು ನೋಡಿದ ಆ್ಯಪ್‌ಗಳಲ್ಲಿ ಹೆಚ್ಚಿನವು ಇಬ್ಬರಿಗೂ ಒಂದೇ ಕೆಂಪು ಗುರುತು ಹಾಕಿ, ಅದೇ ಬಗೆಯ ಇನ್ನೈದು ಲೆಕ್ಕ ಕೊಟ್ಟು ಸುಮ್ಮನಾಗುತ್ತವೆ.

ವಿಚಿತ್ರವೆಂದರೆ ಇಂಥ ತಪ್ಪುಗಳ ಮೂಲವನ್ನು ಗುರುತಿಸುವ ಕಂಪ್ಯೂಟರ್ ಪ್ರೋಗ್ರಾಮ್‌ನ ವಿವರಗಳನ್ನು ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ಪ್ರಕಟಿಸಿದ್ದರು. ಅಂದರೆ ತಿಳಿವಳಿಕೆಗೆ ಕೊರತೆಯಿಲ್ಲ, ಅದನ್ನು ಯಾರಿಗಾಗಿ ಕಟ್ಟುತ್ತೇವೆ ಎಂಬಲ್ಲಿ ಎಡವಿದ್ದೇವೆ. ಇಡೀ ತರಗತಿಯ ನೋಟ್‌ಪುಸ್ತಕಗಳ ಫೋಟೋ ತೆಗೆದರೆ, ಯಾವ ಮಕ್ಕಳು ಸಣ್ಣ ಅಂಕಿಯನ್ನು ದೊಡ್ಡದರಿಂದ ಕಳೆಯುತ್ತಿದ್ದಾರೆ, ಯಾರು ಸೊನ್ನೆಯ ಬಳಿ ಎಡವುತ್ತಿದ್ದಾರೆ ಎಂಬ ಪಟ್ಟಿ ಸಂಜೆಯೊಳಗೆ ಶಿಕ್ಷಕರಿಗೆ ಸಿಗಲಿ. ಮಕ್ಕಳ ಅಂಕಿಗಳನ್ನು ಯಂತ್ರ ತಪ್ಪಾಗಿ ಓದುವುದೂ ಉಂಟು, ಹಾಗಾಗಿ ಆ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಲೇಬೇಕು. ಆದರೂ ಮರುದಿನ ಯಾರನ್ನು ಹತ್ತಿರ ಕೂರಿಸಿಕೊಳ್ಳಬೇಕೆಂದು ತಿಳಿದು ತರಗತಿಗೆ ಹೋಗುವುದಕ್ಕೂ ತಿಳಿಯದೆ ಹೋಗುವುದಕ್ಕೂ ಅಜಗಜಾಂತರ.

ಓದಿನ ವಿಷಯದಲ್ಲಿ ನಾನು ಇಷ್ಟು ಧೈರ್ಯದಿಂದ ಹೇಳಲಾರೆ. ಮಗು ಗಟ್ಟಿಯಾಗಿ ಓದಿದ್ದನ್ನು ಕೇಳಿ ನಿಮಿಷಕ್ಕೆ ಎಷ್ಟು ಪದ ಓದಿತು, ಎಲ್ಲಿ ತಡವರಿಸಿತು ಎಂದು ಹೇಳುವ ತಂತ್ರಾಂಶಗಳು ಈಗ ಬಳಕೆಯಲ್ಲಿವೆ. ಆದರೆ ಧ್ವನಿ ಗುರುತಿಸುವ ಯಂತ್ರಗಳು ಬಹುಪಾಲು ದೊಡ್ಡವರ ದನಿಯಿಂದ ಕಲಿತವು. ಮಕ್ಕಳ ದನಿ ತೆಳು, ಸ್ಥಾಯಿ ಎತ್ತರ, ಉಚ್ಚಾರ ಇನ್ನೂ ಗಟ್ಟಿಯಾಗಿರುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸಂದರ್ಭಕ್ಕೆ ಹೊಂದುವ ಪದವನ್ನು ಊಹಿಸುವುದು ಆ ಯಂತ್ರಗಳ ಸ್ವಭಾವ. ಮಗು ಒತ್ತಕ್ಷರ ನುಂಗಿ ‘ಕತ್ತೆ ಹುಲ್ಲು ತಿಂದಿತು’ ಎಂಬುದನ್ನು ‘ಕತೆ ಹುಲ್ಲು ತಿಂದಿತು’ ಎಂದು ಓದಿದರೆ, ಯಂತ್ರವೇ ‘ಕತ್ತೆ’ ಎಂದು ತಿದ್ದಿಕೊಂಡು ಎಲ್ಲವೂ ಸರಿಯಾಗಿದೆ ಎನ್ನಬಹುದು. ಹಿಡಿಯಬೇಕಾದ ತಪ್ಪನ್ನೇ ಮುಚ್ಚುವ ಈ ಔದಾರ್ಯ ದೊಡ್ಡವರ ಉಕ್ತಲೇಖನಕ್ಕೆ ಒಳ್ಳೆಯದು, ಒಂದನೇ ತರಗತಿಗೆ ಅಪಾಯ.

ತೆರೆಯೇ ಮಾತು ಕಲಿಸುತ್ತದೆ ಎಂಬ ನಂಬಿಕೆಗೆ 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ಎದುರಿಗಿಡಬಹುದು. ಅಮೆರಿಕದ ಒಂಬತ್ತು ತಿಂಗಳ ಶಿಶುಗಳೊಂದಿಗೆ ಚೀನಾದ ಮ್ಯಾಂಡರಿನ್ ಭಾಷೆಯವರು ಎದುರು ಕುಳಿತು ಆಡುತ್ತ ಓದಿದಾಗ ಶಿಶುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದನ್ನೇ ವಿಡಿಯೊದಲ್ಲಿ ತೋರಿಸಿದಾಗ ಕಲಿಯಲಿಲ್ಲ. ಶಿಶುಗಳ ಫಲಿತಾಂಶವನ್ನು ಹಾಗೆಯೇ ಎಂಟು ವರ್ಷದವರಿಗೆ ಅನ್ವಯಿಸುವುದು ಸರಿಯಲ್ಲ, ಆದರೆ ಉಪಕರಣ ಕೊಳ್ಳುವವರು ಒಮ್ಮೆ ತಡೆದು ನಿಲ್ಲಲು ಇಷ್ಟು ಸಾಕು.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರ ಗಮನ ಅತ್ತ ಹರಿದಿದೆ. ಒಂದೇ ಕಥೆಯನ್ನು ಮೂರು ಓದುವ ಮಟ್ಟಗಳಿಗೆ ಇಳಿಸಿಕೊಳ್ಳಲು ನಾನೂ ಇಂಥದನ್ನು ಬಳಸುತ್ತೇನೆ. ಅದು ಬರೆದುಕೊಟ್ಟದ್ದನ್ನು ತಿದ್ದದೆ ತರಗತಿಗೆ ಒಯ್ಯುವುದಿಲ್ಲ. ಮಕ್ಕಳೇ ಬಳಸಬೇಕೇ ಎಂದರೆ, ತರಗತಿಯಲ್ಲಿ ಇಂಥ ಸಾಧನಗಳ ಬಳಕೆಗೆ ಕನಿಷ್ಠ 13 ವರ್ಷದ ಮಿತಿಯಿರಲಿ ಎಂಬ ಯುನೆಸ್ಕೋದ 2023ರ ಸಲಹೆ ನನಗೆ ಸರಿಕಾಣುತ್ತದೆ. ಮಗು ತಾನು ಕಂಡದ್ದನ್ನು ನಾಲ್ಕು ಸಾಲು ಬರೆಯಲು ಪೆನ್ಸಿಲ್ ಕಚ್ಚುತ್ತ ಕೂತ ಹೊತ್ತಿನಲ್ಲೇ ಬರವಣಿಗೆಯ ಕಲಿಕೆ ನಡೆಯುವುದು, ಯಂತ್ರ ಆ ಶ್ರಮವನ್ನು ತಪ್ಪಿಸಿಕೊಟ್ಟರೆ ಉಪಕಾರವಾಗುವುದಿಲ್ಲ.

ಇನ್ನು ಮಕ್ಕಳ ಮಾಹಿತಿಯ ಪ್ರಶ್ನೆ. ಓದಿನ ತಂತ್ರಾಂಶಕ್ಕೆ ಮಗುವಿನ ದನಿ ಬೇಕು, ಲೆಕ್ಕದ ತಂತ್ರಾಂಶಕ್ಕೆ ಅದರ ತಪ್ಪುಗಳು ಬೇಕು. ಅವು ಎಲ್ಲಿ ಶೇಖರವಾಗುತ್ತವೆ, ಮಗು ಶಾಲೆ ಬಿಟ್ಟ ಮೇಲೆ ಅಳಿಸಲಾಗುತ್ತದೆಯೇ, ಬೇರೊಂದು ಉತ್ಪನ್ನದ ತರಬೇತಿಗೆ ಬಳಕೆಯಾಗುತ್ತವೆಯೇ ಎಂಬುದಕ್ಕೆ ಖರೀದಿಯ ಕರಾರಿನಲ್ಲೇ ಲಿಖಿತ ಉತ್ತರವಿರಬೇಕು. ಆ ಉತ್ತರ ಸಿಗದಿದ್ದರೆ, ಕಳೆಯುವ ಲೆಕ್ಕದ ತಪ್ಪನ್ನು ಎಷ್ಟೇ ಚೆನ್ನಾಗಿ ಹಿಡಿದರೂ ಅಂಥ ತಂತ್ರಾಂಶವನ್ನು ನಾನು ತರಗತಿಯೊಳಗೆ ತರಲಾರೆ.