ಮೂರನೇ ಸೆಕ್ಷನ್ ಓದಿದ್ಯೇನಯ್ಯಾ?

ತುಮಕೂರಿನಲ್ಲಿ ಲಾ ಓದುವಾಗ ನಮಗೆ ಕಾಯ್ದೆಗಳ ಅರ್ಥ ಮಾಡುವ ಪಾಠ ಹೇಳುತ್ತಿದ್ದ ಸರ್ ಬೆಳಿಗ್ಗೆ ಮೇಷ್ಟ್ರು, ಹನ್ನೊಂದರ ಮೇಲೆ ವಕೀಲರು. ಕ್ಲಾಸಿನಲ್ಲಿ ಅವರ ಪಾಠ ಅಷ್ಟಕ್ಕಷ್ಟೆ, ನಿಜ ಹೇಳಬೇಕಲ್ವಾ. ನಾನು ಕಲಿತದ್ದೆಲ್ಲ ಆಮೇಲೆ, ಅವರ ಹತ್ತಿರ ಜೂನಿಯರ್ ಆಗಿ ಸೇರಿದ ಮೇಲೆ. ಮನೆಯ ಮುಂದಿನ ಕೋಣೆಯೇ ಆಫೀಸು.

ಸೇರಿ ಎರಡು ತಿಂಗಳಾಗಿತ್ತು. ಗುಬ್ಬಿ ಕಡೆಯ ಒಬ್ಬರು ಪಹಣಿ ಹಿಡಿದು ಬಂದರು. ಪರಿಶಿಷ್ಟ ಜಾತಿಯವರು, ಅಪ್ಪನಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನು. ಅಪ್ಪ ಅದನ್ನು ಮಾರಿರಲಿಲ್ಲ, ಕಷ್ಟಕ್ಕೆ ಭೋಗ್ಯಕ್ಕೆ ಹಾಕಿದ್ದರು, ಹಾಕಿಸಿಕೊಂಡವರು ಈಗ ಬಿಡುತ್ತಿಲ್ಲ. ಸರ್ ಸ್ನಾನಕ್ಕೆ ಹೋಗಿದ್ದರು. ನಾನು ದೊಡ್ಡ ವಕೀಲನ ಹಾಗೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈ ತಪ್ಪದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ತೆಗೆದು, ಪರಭಾರೆ ಕೂಡದು ಅನ್ನುವ 4ನೇ ಸೆಕ್ಷನ್ ಓದಿ, "ಪರಭಾರೆ ಅಂದರೆ ಮಾರಾಟ ಕಣ್ರೀ, ನಿಮ್ಮದು ಬರೀ ಭೋಗ್ಯ, ಸಿವಿಲ್ ದಾವೆ ಹಾಕಬೇಕು" ಅಂದುಬಿಟ್ಟೆ. ಟವೆಲ್ ಹೆಗಲಿಗೆ ಹಾಕಿಕೊಂಡು ಸರ್ ಬಾಗಿಲಲ್ಲೇ ನಿಂತಿದ್ದರು.

"4 ಓದಿದೆ ಸರಿ. 3 ಓದಿದ್ಯೇನಯ್ಯಾ?"

ಓದಿರಲಿಲ್ಲ. ಪರಭಾರೆ ಅಂದರೇನು ಅಂತ ಅಲ್ಲಿ ಕಾಯ್ದೆಯೇ ಹೇಳಿದೆ. ಕ್ರಯ, ದಾನ, ಅದಲುಬದಲು, ಗುತ್ತಿಗೆ, ಅಡಮಾನ. ಭೋಗ್ಯದ ಹಾಗೆ ಸ್ವಾಧೀನ ಕೊಟ್ಟರೂ ಅಡಮಾನವೇ, ಕೊಡದಿದ್ದರೂ ಅಡಮಾನವೇ. ಕ್ರಯದ ಕರಾರು ಕೂಡ ಸೇರುತ್ತದೆ. ಮನೆಯವರ ಪಾಲು ಮತ್ತು ವಿಲ್ ಹೊರಗೆ.

"ಹಳ್ಳೀಲಿ ಬಡವನ ಜಮೀನು ಕೈ ತಪ್ಪೋದು ಬರೀ ಕ್ರಯಪತ್ರದಿಂದಾನಾ? ಭೋಗ್ಯ ಬಿಟ್ಟಿದ್ದಿದ್ರೆ ಎಲ್ಲಾರೂ ಭೋಗ್ಯ ಅಂತಲೇ ಬರೆಸ್ಕೊಳ್ತಿದ್ರು" ಅಂದರು ಸರ್. ಕಾಯ್ದೆ ಯಾವ ಕೆಡುಕು ತಡೆಯೋಕೆ ಬಂತು ಅಂತ ಮೊದಲು ನೋಡು ಅನ್ನುವ ಇಂಗ್ಲೆಂಡಿನ ಹೇಡನ್ ಪ್ರಕರಣ, 1584ರದ್ದು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ತಲೆಗೆ ಹತ್ತಿದ್ದು ಆವತ್ತು. ಅರ್ಜಿ ಎಸಿ, ಅಂದರೆ ಅಸಿಸ್ಟೆಂಟ್ ಕಮಿಷನರ್, ಕೋರ್ಟಿಗೆ ಹೋಯಿತು.

ಮುಂದೆ ನಾನು ಜಡ್ಜ್ ಆದೆ. ಆದರೂ ಸರ್ ಜೊತೆ ವಾದ ನಿಲ್ಲಲಿಲ್ಲ. ಅದೇ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿ, ಜಮೀನು ವಾಪಸ್ ಕೇಳುವ ಅರ್ಜಿಗೆ ಕಾಲಮಿತಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್, ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಮಿತಿ ಬರೆಯದಿದ್ದರೂ ಸಮಂಜಸವಾದ ಸಮಯದೊಳಗೆ ಬರಬೇಕು ಅಂದಿತು. ನನಗೆ ಸರಿ ಅನಿಸಿತ್ತು. ವರ್ಷಗಟ್ಟಲೆ ಸುಮ್ನಿದ್ದು ಆಮೇಲೆ ಬಂದರೆ ಕೊಂಡವನು ಎಲ್ಲಿಗೆ ಹೋಗಬೇಕು? ಸರ್ ಫೋನಲ್ಲೇ ರೇಗಿದರು: "ಇಲ್ಲದ ಅಕ್ಷರ ಯಾಕಯ್ಯಾ ಸೇರಿಸ್ತೀರಾ? ಅವನಿಗೆ ಎಸಿ ಆಫೀಸಿನ ಬಾಗಿಲು ಎಲ್ಲಿದೆ ಅಂತ ಗೊತ್ತಾಗೋಕೇ ಇಪ್ಪತ್ತು ವರ್ಷ ಬೇಕು." 2023ರಲ್ಲಿ ನಮ್ಮ ವಿಧಾನಮಂಡಲ ತಿದ್ದುಪಡಿ ತಂದು, ಕಾಲಮಿತಿ ಇಲ್ಲ ಅಂತ ಬರೆದೇಬಿಟ್ಟಿತು. ಅಷ್ಟೊತ್ತಿಗೆ ಸರ್ ಇರಲಿಲ್ಲ. ಇದ್ದಿದ್ದರೆ ಆವತ್ತು ಬೆಳಿಗ್ಗೆ ಆರಕ್ಕೇ ಫೋನ್ ಬರುತ್ತಿತ್ತು.

ನನ್ನ ಬೇರ್ ಆಕ್ಟ್‌ಗಳನ್ನು, ಅಂದರೆ ಕಾಯ್ದೆಯ ಮೂಲ ಪಾಠವಷ್ಟೇ ಇರುವ ಪುಸ್ತಕಗಳನ್ನು, ಮೊನ್ನೆ ಕಾಲೇಜಿನ ಲೈಬ್ರರಿಗೆ ಕೊಟ್ಟೆ. ಜಾಸ್ತಿ ಪುಸ್ತಕಗಳಲ್ಲಿ ವ್ಯಾಖ್ಯೆಗಳ ಪುಟಗಳೇ ಕಿತ್ತುಬಂದಿವೆ. ಗಮ್ ಹಾಕಿ ಅಂಟಿಸಿದ್ದೇನೆ, ಹುಷಾರಾಗಿ ತಿರುಗಿಸಿ.